ಮನೆಯನ್ನು ಈಗಲೇ ಮಗನ ಹೆಸರಿಗೆ ಬರೆದುಕೊಡಲೇ?

ಪ್ರಶ್ನೆ: ನನಗೆ 71, ಹೆಂಡತಿಗೆ 66. ನಾನೇ ದುಡಿದು ಕಟ್ಟಿಸಿದ ಮನೆಯಲ್ಲಿದ್ದೇವೆ. ಒಬ್ಬ ಮಗ, ಒಬ್ಬಳು ಮಗಳು. 'ಮನೆಯನ್ನು ಈಗಲೇ ದಾನಪತ್ರ ಮಾಡಿಕೊಡಿ, ಮುಂದೆ ಖಾತೆ ಬದಲಾವಣೆ ಅಂತ ಅಲೆಯೋದು ತಪ್ಪುತ್ತೆ' ಎನ್ನುತ್ತಾನೆ ಮಗ. ಅವನು ಒಳ್ಳೆಯವನೇ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಬರೆದುಕೊಡಬೇಡಿ. ಮಗ ಒಳ್ಳೆಯವನು ಅಂತ ನಾನೂ ನಂಬುತ್ತೇನೆ. ಆದರೆ ನಾಳೆ ಅವನ ತಲೆಯ ಮೇಲೆ ಸಾಲ ಬಂದರೆ, ಗಂಡ ಹೆಂಡತಿ ಬೇರೆಯಾದರೆ, ಹಾಗಾಗದಿರಲಿ, ಅವನೇ ನಿಮಗಿಂತ ಮುಂಚೆ ಹೋದರೆ, ಆ ಮನೆ ಯಾರ ಕೈ ಸೇರುತ್ತದೆ ಅಂತ ಯೋಚಿಸಿದ್ದೀರಾ? ದಾನಪತ್ರ ರಿಜಿಸ್ಟರ್ ಆದ ಮೇಲೆ ನಿಮ್ಮ ಮನೆಯಲ್ಲಿ ನೀವು ಇರುವುದು ಇನ್ನೊಬ್ಬರ ಮರ್ಜಿಯಲ್ಲಿ.

ವಿಲ್ ಬರೆಯಿರಿ, ಸಾಕು. ನೀವು ಬದುಕಿರುವವರೆಗೂ ಅದು ಬರೀ ಕಾಗದ, ಮನೆ ನಿಮ್ಮದೇ. ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಕೊನೆಯದಾಗಿ ಬರೆದದ್ದೇ ನಡೆಯುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನಿಮ್ಮ ವಯಸ್ಸಿನ ಗೆಳೆಯರನ್ನು ಕರೆಯಬೇಡಿ, ಸಾಕ್ಷಿ ಹೇಳುವ ಹೊತ್ತಿಗೆ ಅವರೂ ಇರಬೇಕಲ್ವಾ! ಆಸ್ತಿ ಸಿಗುವವರ ಸಹಿಯೂ ಬೇಡ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿಬಿಡಿ, ಆಮೇಲೆ 'ಇದು ಅಪ್ಪನ ಸಹಿಯೇ ಅಲ್ಲ' ಎನ್ನುವವರ ಬಾಯಿಗೆ ಸ್ವಲ್ಪ ಬೀಗ ಬೀಳುತ್ತದೆ. ನಿಮ್ಮ ನಂತರ ಹೆಂಡತಿ ಇರುವವರೆಗೂ ಮನೆ ಅವರದು, ಆಮೇಲೆ ಮಕ್ಕಳಿಗೆ ಇಂತಿಷ್ಟು ಅಂತ ಬಿಡಿಸಿ ಬರೆಯಿರಿ. ಮಗಳ ಪಾಲಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ. ಕೊಡುತ್ತೀರೋ ಇಲ್ಲವೋ ನಿಮಗೆ ಬಿಟ್ಟಿದ್ದು, ಸುಮ್ನೆ ಬಿಟ್ಟು ಹೋದರೆ ಮಾತ್ರ ಕೋರ್ಟು ಕಚೇರಿ ತಪ್ಪಿದ್ದಲ್ಲ.

ಇಲ್ಲ, ಬರೆದುಕೊಡಲೇಬೇಕು ಎಂದಾದರೆ 'ನಮ್ಮಿಬ್ಬರನ್ನೂ ಕೊನೆಯವರೆಗೂ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ದಾನಪತ್ರದಲ್ಲೇ ಹಾಕಿಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತಿದ್ದೂ ಮಕ್ಕಳು ನೋಡಿಕೊಳ್ಳದಿದ್ದರೆ ಎ.ಸಿ. (ಉಪವಿಭಾಗಾಧಿಕಾರಿ) ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಬಾಯಿಮಾತು ನಂಬಬೇಡಿ. ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಅದೇ ಕೋರ್ಟ್ ತಾಯಿಯೊಬ್ಬರಿಗೆ ಆಸ್ತಿ ವಾಪಸ್ ಕೊಡಿಸಿತು, ಅಲ್ಲಿ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಕಾಗದ ಅವರ ಕೈಯಲ್ಲಿತ್ತು.

ಮಗನಿಗೆ ಏನು ಹೇಳೋದು ಅಂತ ಸಂಕೋಚವೇ? 'ವಿಲ್ ಬರೆದಿಟ್ಟಿದ್ದೇನೆ, ನೀನು ಹೆಚ್ಚು ಅಲೆಯೋದೇನೂ ಇರಲ್ಲ' ಎನ್ನಿ. ಒಳ್ಳೆಯ ಮಗನಿಗೆ ಅಷ್ಟು ಸಾಕು.

ಪ್ರಶ್ನೆ: ಒಂಟಿಯಾಗಿರುವ ನನ್ನ ಅಮ್ಮನಿಗೆ ಪೊಲೀಸ್ ಸಮವಸ್ತ್ರದಲ್ಲಿದ್ದವನೊಬ್ಬ ವಿಡಿಯೊ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಯಾರಿಗೂ ಹೇಳಬೇಡಿ' ಎಂದು ಹೆದರಿಸಿದ. ದುಡ್ಡು ಹೋಗಿಲ್ಲ, ಆದರೆ ಅಮ್ಮ ಈಗಲೂ ನಡುಗುತ್ತಾರೆ.

ಉತ್ತರ: ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ, ಅಮ್ಮನಿಗೆ ಇದನ್ನು ಮತ್ತೆ ಮತ್ತೆ ಹೇಳಿ. 'ಯಾರಿಗೂ ಹೇಳಬೇಡಿ' ಎಂದವನು ಕಳ್ಳನೇ. ಫೋನ್ ಇಟ್ಟು ಮೊದಲು ನಿಮಗೆ ಕಾಲ್ ಮಾಡಲಿ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಬೇಗ ಹೇಳಿದಷ್ಟೂ ಆ ಹಣವನ್ನು ಅರ್ಧ ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಮತ್ತೆ, ಅಮ್ಮನನ್ನು ಬೈಯಬೇಡಿ, ಬೈದರೆ ಮುಂದಿನ ಸಲ ನಿಮಗೂ ಹೇಳುವುದಿಲ್ಲ.