ಗಾಂಜಾ ಸೇದುವ ಹುಡುಗನ ಮನೆಯವರನ್ನು ಜಮಾಅತ್ ದೂರ ಇಡಬೇಕೇ?

ಪ್ರಶ್ನೆ: ಮಂಗಳೂರು ಹೊರವಲಯದ ಒಂದು ಜಮಾಅತ್ ಕಮಿಟಿಯಲ್ಲಿದ್ದೇನೆ. ನಮ್ಮ ಕೆಲವು ಹುಡುಗರು ಗಾಂಜಾ, ಎಂಡಿಎಂಎ (ಸಿಂಥೆಟಿಕ್ ಡ್ರಗ್) ಚಟಕ್ಕೆ ಬಿದ್ದಿದ್ದಾರೆ. ಒಬ್ಬಿಬ್ಬರು ತಂದು ಮಾರುತ್ತಾರೆ ಎಂಬ ಗುಮಾನಿಯೂ ಇದೆ. ಅಂಥ ಮನೆಯವರ ನಿಕಾಹ್‌ಗೆ ಸಹಕರಿಸಬಾರದೆಂದು ಠರಾವು ಮಾಡಲು ಕೆಲವರು ಒತ್ತಾಯಿಸುತ್ತಿದ್ದಾರೆ. ಉಸ್ತಾದರು ಬೇಡ ಎನ್ನುತ್ತಾರೆ. ಏನು ಮಾಡೋಣ?

ಉತ್ತರ: ನಾನು ಉಸ್ತಾದರ ಕಡೆ. ಅಣ್ಣ ಗಾಂಜಾ ಸೇದಿದರೆ ತಂಗಿಯ ಮದುವೆ ಯಾಕೆ ನಿಲ್ಲಬೇಕು? ಇಂಥ ಠರಾವು ಆದ ಮರುದಿನದಿಂದ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ. ಮಗನ ಕೋಣೆಯಲ್ಲಿ ಸಿಕ್ಕ ಪೊಟ್ಟಣವನ್ನು ಟಾಯ್ಲೆಟ್‌ಗೆ ಸುರಿದು ಸುಮ್ಮನಾಗುತ್ತಾಳೆ. ಆಪ್ತ ಸಮಾಲೋಚನೆಗೆ ತಡವಾಗಿ ಬರುವವರೇ ಜಾಸ್ತಿ. ಕಾರಣ ಕೇಳಿದರೆ, ‘ಊರಿಗೆ ಗೊತ್ತಾದರೆ?’ ಎನ್ನುತ್ತಾರೆ.

ಸೇವಿಸುವವನಿಗೆ ಬೇಕಾದದ್ದು ಡಾಕ್ಟರು. ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಇದೆ. ಆದರೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡಬಾರದು. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು, 14446 ವ್ಯಸನಮುಕ್ತಿ ಸಹಾಯವಾಣಿಗೆ ಉಚಿತವಾಗಿ ಫೋನ್ ಮಾಡಬಹುದು. ಜುಮಾ ದಿನ ಇಷ್ಟನ್ನು ಹೇಳಿದರೂ ಸಾಕು, ಯಾವುದಾದರೂ ಒಬ್ಬ ತಂದೆ ನಮಾಝ್ ಮುಗಿಸಿ ಉಸ್ತಾದರಿಗಾಗಿ ಕಾದು ನಿಲ್ಲುತ್ತಾನೆ.

ಮಾರುವವನ ವಿಷಯ ಬೇರೆ. ಅಮಲು ತರಿಸುವುದೆಲ್ಲ ಖಮ್ರ್ (ಮದ್ಯ) ಎಂಬ ಪ್ರವಾದಿಯವರ ಹದೀಸ್ ನಿಮಗೆ ಗೊತ್ತಲ್ವಾ? ಖಮ್ರ್‌ನ ವಿಷಯದಲ್ಲಿ ಹತ್ತು ಜನರಿಗೆ ಶಾಪ ಇದೆ ಎಂಬ ಹದೀಸೂ ಇದೆ. ಕುಡಿಯುವವನ ಜೊತೆಗೆ ಹೊತ್ತೊಯ್ಯುವವನು, ಮಾರುವವನು, ಅದರ ಹಣ ತಿನ್ನುವವನು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ‘ನಾನು ಮುಟ್ಟುವುದಿಲ್ಲ, ಬರೀ ಡೆಲಿವರಿ ಕೊಡೋದು’ ಎನ್ನುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕು. ಹರಾಮ್ ಎಂದಷ್ಟೇ ಹೇಳಿದರೆ, ಅದು ಅವನಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಲೆಕ್ಕ. ಎಂಡಿಎಂಎ 10 ಗ್ರಾಂ ಮೀರಿದರೆ ಅದು ‘ವಾಣಿಜ್ಯ ಪ್ರಮಾಣ’. ಕನಿಷ್ಠ 10 ವರ್ಷ ಜೈಲು, 1 ಲಕ್ಷ ರೂಪಾಯಿ ದಂಡ. ಜಾಮೀನೂ ಸುಲಭಕ್ಕೆ ಸಿಗುವುದಿಲ್ಲ. ಇನ್ನು ಗಲ್ಫ್. ಗುರುತಿಲ್ಲದವರು ಕೊಟ್ಟ ಪಾರ್ಸೆಲ್ ಹಿಡಿದು ವಿಮಾನ ಹತ್ತಬೇಡಿ ಎಂದು ನಮ್ಮ ಕರಾವಳಿಯಲ್ಲಿ ಎಷ್ಟು ಸಲ ಹೇಳಿದರೂ ಜಾಸ್ತಿಯಾಗದು. ಸೌದಿಯಲ್ಲಿ ಡ್ರಗ್ಸ್ ಸಾಗಾಟಕ್ಕೆ ಮರಣದಂಡನೆಯೂ ಇದೆ.

ಗುಮಾನಿ ಇದ್ದರೆ ಕಮಿಟಿಯೇ ಪತ್ತೇದಾರಿಗೆ ಇಳಿಯುವುದು ಬೇಡ. ಹುಡುಗನ ಮೊಬೈಲ್ ಕಿತ್ತುಕೊಂಡು ನೋಡುವುದು, ಕಟ್ಟಿ ಹಾಕಿ ಹೊಡೆಯುವುದು ಮಾಡಿದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡಿಕೊಳ್ಳುವ ಮಂಗಳೂರಿನ ಸೆನ್ ಪೊಲೀಸ್ ಠಾಣೆ ಇದೆ. ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿಯ 1933 ಸಂಖ್ಯೆಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.

ಒಂದು ಮುಜುಗರದ ಮಾತು. ಕೆಲಸವಿಲ್ಲದ ಹುಡುಗ ದಿಢೀರನೆ ಹೊಸ ಕಾರು ತಂದು, ಮಸೀದಿಗೆ ಎಸಿ ಹಾಕಿಸಿಕೊಡುತ್ತೇನೆ ಎಂದರೆ ಎಷ್ಟು ಕಮಿಟಿಗಳು ‘ಈ ದುಡ್ಡು ಎಲ್ಲಿಂದ ಬಂತು ಮಾರಾಯ’ ಎಂದು ಕೇಳುತ್ತವೆ? ಆ ಹತ್ತು ಜನರಲ್ಲಿ ಹಣ ತಿನ್ನುವವನೂ ಇದ್ದಾನೆ. ಠರಾವು ಮಾಡಲೇಬೇಕು ಅಂತಿದ್ದರೆ ನಿಕಾಹ್‌ನ ಸಾಲು ಹೊಡೆದುಹಾಕಿ, ಅಂಥವರ ದೇಣಿಗೆಗೆ ರಶೀದಿ ಹರಿಯುವುದಿಲ್ಲ ಎಂದು ಬರೆಯಿರಿ.