ಸೈಲೆನ್ಸರ್ ಜಾಯಿಂಟ್ ಎಷ್ಟ್ ಬಿಗಿ ಮಾಡಿದ್ರೂ ಸಡ್ಲ ಆಗ್ತದ, ಸೋರ್ತದ, ಏನ್ ಮಾಡ್ಲಿ?

ಪ್ರಶ್ನೆ (ಕಲಬುರಗಿ ರಿಂಗ್ ರೋಡ್ ಕಡೆಯ ಓದುಗರು): ಸರ್, ನಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರ್ ಅದ. ಹಳೇ ಸೈಲೆನ್ಸರ್ ತುಕ್ಕು ಹಿಡ್ದು ತೂತ್ ಬಿದ್ದಿತ್ತು, ಅದಕ್ಕ ಆನ್‌ಲೈನ್‌ದಾಗ ಸ್ಟೇನ್‌ಲೆಸ್ ಸ್ಟೀಲಿಂದು ತರಿಸ್ದೆ, ಕ್ಯಾಟ್‌ನಿಂದ (ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಹಿಂದಿನ ಪೂರಾ ಪೈಪ್ ಮತ್ತ ಎರಡು ಡಬ್ಬಿ. ಗ್ಯಾರೇಜ್‌ದಾಗ ಕೂಡಿಸ್ಕೊಟ್ರು. ಈಗ ಮುಂಜಾನೆ ಸ್ಟಾರ್ಟ್ ಮಾಡಿದ್ರ ಟಕ್ ಟಕ್ ಟಕ್ ಅಂತದ, ಬಿಸಿ ಆದ್ಮ್ಯಾಲ ಕಮ್ಮಿ ಆಗ್ತದ. ಸೇಡಂ ತನಕ ಹೋಗಿ ಬಂದ್ರ ನಡುವಿನ ಜಾಯಿಂಟ್ ಸಡ್ಲ. ಮೂರ್ ಸಲ ಬಿಗಿ ಮಾಡಿಸೀನಿ. ಕಡೀಕ ನೀರಿನ ಟ್ಯಾಂಕಿ ಲೀಕಿಗೆ ಹಚ್ತಾರಲ್ಲ, ಎರಡು ಮುದ್ದಿ ಕಲಸಿ, ಅದನ್ನ ಹಚ್ಚಿದ್ರು, ಎರಡೇ ದಿನದಾಗ ಉದುರಿ ಬಿತ್ತು. ಪೀಸೇ ಖರಾಬ್ ಅದನೋ ಏನೋ, ವಾಪಸ್ ಕಳಿಸ್ಲಾ?

ಉತ್ತರ: ತಡೀರಿ, ವಾಪಸ್ ಆಮ್ಯಾಲ. ಮೊದ್ಲು ಗಾಡಿ ಪೂರಾ ತಣ್ಣಗ ಆದಾಗ ಒಂದು ಪರೀಕ್ಷಾ ಮಾಡಿಸ್ರಿ. ಆ ಸಡ್ಲ ಆಗೋ ಜಾಯಿಂಟಿನ ಕ್ಲ್ಯಾಂಪ್ ಬಿಗಿ ಮಾಡೋ ಬದ್ಲಿ ಪೂರಾ ಬಿಚ್ಚಿ, ಪೈಪ್ ಎಲ್ಲಿಗಿ ಹೋಗ್ತದ ನೋಡ್ರಿ. ನಟ್ ಬಿಚ್ಚಿದ ಕೂಡ್ಲೇ ಪೈಪು ಟಣ್ ಅಂತ ಒಂದ್ ಬದಿಗಿ ಜಿಗೀತು, ಇಲ್ಲಾ ಕೆಳಗ ಜೋತು ಬಿತ್ತು ಅಂದ್ರ ನಿಮ್ ಪೀಸೂ ಖರಾಬ್ ಇಲ್ಲ, ಕ್ಲ್ಯಾಂಪೂ ಖರಾಬ್ ಇಲ್ಲ, ಕೂಡಿಸಿದ್ದೇ ಸೊಟ್ಟ ಅದ. ನನ್ನ ಕಡೆ ಬರೋ ಸೋರೋ ಸೈಲೆನ್ಸರ್‌ಗಳಾಗ ಭಾಳಷ್ಟು ಇದೇ ಕೇಸು. ಸೊಟ್ಟ ನಿಂತ ಪೈಪನ್ನ ನಟ್ಟಿನಿಂದ ಎಳ್ದು ಕೂಡಿಸ್ಯಾರ, ಅದು ದಿನಾ ತನ್ನ ಜಾಗಕ್ಕ ಹೋಗ್ಲಿಕ್ಕಿ ಎಳೀತದ, ಖಡ್ಡಾದಾಗ ಇಳಿದಾಗೊಮ್ಮೆ ಜಾಯಿಂಟ್ ಒಂದ್ ಕೂದಲೆಳೆ ಜರೀತದ, ಸೇಡಂ ತನಕ ಹೋಗಿ ಬರೋದ್ರಾಗ ಆ ಕೂದಲೆಳೆ ಎಲ್ಲಾ ಸೇರಿ ನಿಮಗ ಸದ್ದಾಗಿ ಕೇಳಸ್ತದ.

ಇದ್ರ ಮ್ಯಾಲ ಬಿಸಿ. 304 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಬಿಸಿಗಿ ಭಾಳ ಹಿಗ್ಗತದ, ಒಂದೂವರೆ ಮೀಟರ್ ಪೈಪು 300 ಡಿಗ್ರಿ ಏರಿದ್ರ ಹತ್ರ ಹತ್ರ 7-8 ಎಂಎಂ ಉದ್ದ ಆಗ್ತದ, ಅದೇ ನಿಮ್ ಹಳೇ ಕಬ್ಬಿಣದ ಪೈಪಾದ್ರ 5 ಎಂಎಂ ಚಿಲ್ರೆ. ಆ 7-8 ಎಂಎಂ ಎಲ್ಲಿಗೆ ಹೋಗ್ಬೇಕ್ರಿ? ರಬ್ಬರ್ ಹ್ಯಾಂಗರ್‌ನಾಗ ಪೈಪ್ ಸರಾಗ ಜೋಲಾಡ್ತಿದ್ರ ಹಿಂದಕ್ಕ ಜರೀತದ, ಸುಖ. ಹ್ಯಾಂಗರ್ ಬಿಗಿದು ನಿಂತಿದ್ರ ಜಾಯಿಂಟನ್ನೇ ಎಬ್ಬಿಸ್ತದ. ಮುಂಜಾನೆ ಟಕ್ ಟಕ್ ಅಂದು ಆಮ್ಯಾಲ ಸುಮ್ನ ಆಗೋದೂ ಇದೇ ಹಿಗ್ಗೋ ಆಟಾನೇ, ತಣ್ಣಗ ಇದ್ದಾಗ ಸಂದಿ ತೆರೆದಿರ್ತದ, ಬಿಸಿ ಆದ್ರ ಮುಚ್ಕೋತದ. ಸದ್ದು ಹೋಯ್ತು ಅಂತ ಲೀಕ್ ಹೋಯ್ತು ಅಂತ ತಿಳೀಬ್ಯಾಡ್ರಿ.

(ನಿಮ್ದು 304 ಹೌದೋ ಅಲ್ಲೋ ಅಂತ ಒಂದು ಅಯಸ್ಕಾಂತ ಹಚ್ಚಿ ನೋಡ್ರಿ. ಗಟ್ಟಿ ಹಿಡೀತು ಅಂದ್ರ ಅದು 304 ಅಲ್ಲ, 409 ಜಾತಿ ಸ್ಟೇನ್‌ಲೆಸ್ ಇದ್ದೀತು. ಮಾರೋರು 304 ಅಂತ ಹೇಳಿದ್ರ ಅದು ಸುಳ್ಳು, ಆದ್ರ 409 ಕೆಟ್ಟದ್ದೇನ್ ಅಲ್ಲ, ಕಂಪನಿ ಸೈಲೆನ್ಸರ್‌ಗಳು ಭಾಳಷ್ಟು ಅದ್ರಾಗೇ ಬರ್ತಾವ, ಹಿಗ್ಗೋದೂ ಕಮ್ಮಿ.)

ಈಗ ಕೂಡಿಸೋ ಕ್ರಮಕ್ಕ ಬರ್ತೀನಿ, ನಿಮ್ ಗ್ಯಾರೇಜಿನವರಿಗಿ ಇಷ್ಟು ಓದಿ ಹೇಳ್ರಿ, ಬೈದ್ರ ಬೈಸ್ಕೋರಿ. ಪೂರಾ ಸಿಸ್ಟಮ್ ಬಿಚ್ಚಿ, ಎಲ್ಲಾ ಪೈಪು ಡಬ್ಬಿ ಹ್ಯಾಂಗರಿಗಿ ತೂಗ್ಹಾಕಿ, ಜಾಯಿಂಟ್‌ಗಳೆಲ್ಲಾ ಬರೀ ಕೈಬಿಗಿ ಇಡ್ಬೇಕು. ಪಾನಾ ಮುಟ್ಟಲೇ ಬಾರ್ದು. ಆಮ್ಯಾಲ ಕೆಳಗ ನಿಂತು ಮುಂದಿನಿಂದ ಹಿಂದಿನ ತನಕ ಕಣ್ಣಾಡಿಸ್ಬೇಕು, ಪೈಪು ಬಾಡಿಗಿ, ಆಕ್ಸಲ್‌ಗಿ, ಬ್ರೇಕ್ ಪೈಪಿಗಿ, ಪೆಟ್ರೋಲ್ ಪೈಪಿಗಿ ಕಮ್ಮೀತಕಮ್ಮಿ ಒಂದ್ ಇಂಚು ದೂರ ಇರ್ಬೇಕು, ಡಬ್ಬಿ ಕೈಲೆ ಅಲ್ಲಾಡಿಸಿದ್ರ ಎಲ್ಲೂ ಬಡೀಬಾರ್ದು. ಸೊಟ್ಟ ಕಂಡಲ್ಲಿ ಪೈಪು ತಿರುವ್ರಿ, ಹ್ಯಾಂಗರಿನ ಸಳಿ ಬಗ್ಗಿಸ್ರಿ. ಎಲ್ಲಾ ತಾನಾಗೇ ನೆಟ್ಟಗ ಕೂತ ಮ್ಯಾಲ ಎಂಜಿನ್ ಕಡೆಯಿಂದ ಒಂದೊಂದೇ ಬಿಗಿ ಮಾಡ್ಕೋತ ಹಿಂದ ಬರ್ಬೇಕು. ಹಿಂದಿನಿಂದ ಶುರು ಮಾಡಿದ್ರ ಇದ್ದಬಿದ್ದ ಸೊಟ್ಟೆಲ್ಲಾ ಕ್ಯಾಟಿನ ಜಾಯಿಂಟಿನಾಗ ಬಂದು ನಿಂದರ್ತದ. ರಬ್ಬರ್ ಹ್ಯಾಂಗರ್ ಹೋಗವಲ್ದು ಅಂದ್ರ ಸೋಪಿನ ನೀರ್ ಹಚ್ರಿ, ಎಣ್ಣಿ ಹಚ್ಚಬ್ಯಾಡ್ರಿ, ಎಣ್ಣಿ ತಾಗಿದ ರಬ್ಬರ್ ಉಬ್ಬಿ ಮೆತ್ತಗ ಆಗ್ತದ, ನಮ್ ಬ್ಯಾಸಿಗಿಯೊಳಗ ಅದು ಎಷ್ಟ್ ದಿನ ಬಾಳೀತು.

ಇನ್ನ ನಡುವಿನ ಜಾಯಿಂಟ್, ನಿಮ್ದು ಒಂದ್ರಾಗ ಒಂದು ಹೋಗೋ ಪೈಪು ಅಂತ ಅನಸ್ತದ. ಒಳಗಿನ ಪೈಪು ಕೈಯಿಂದ ತಿರುವಿ ಒತ್ತಿದ್ರ ಹೋಗ್ಬೇಕು, ಹೋದ ಮ್ಯಾಲ ಗಡಗಡ ಅಲ್ಲಾಡಬಾರ್ದು. ಅಲ್ಲಾಡ್ತದಂದ್ರ ಸೈಜೇ ತಪ್ಪು, ಯಾವ ಕ್ಲ್ಯಾಂಪೂ ಅದನ್ನ ಮುಚ್ಚಂಗಿಲ್ಲ, ಆಗ ಮಾತ್ರ ವಾಪಸ್ ಕಳಿಸ್ರಿ. 40ರಿಂದ 50 ಎಂಎಂ ಒಳಗ ಹೋಗಿರ್ಬೇಕು. ಹೊರಗಿನ ಪೈಪಿನ ಬಾಯಿಗಿ ಉದ್ದುದ್ದ ಸೀಳು ಕೊಟ್ಟಿರ್ತಾರ ನೋಡ್ರಿ, ಕ್ಲ್ಯಾಂಪ್ ಬಿಗಿ ಆದಾಗ ಬಾಯಿ ಮುಚ್ಚಲಿ ಅಂತ, ಒಳಗಿನ ಪೈಪು ಆ ಸೀಳು ಮುಗಿಯೋ ಜಾಗ ದಾಟಿ ಹೋಗಿರ್ಬೇಕು. ದಾಟ್ಲಿಲ್ಲ ಅಂದ್ರ ಸೀಳಿನಿಂದಲೇ ಹೊಗಿ ಬರ್ತದ, ನೀವು ಕ್ಲ್ಯಾಂಪ್ ಮುರಿಯೋ ತನಕ ಬಿಗಿದ್ರೂ ಬರ್ತದ. ಇದನ್ನ ನೋಡ್ಲಿಕ್ಕಿ ಕೂಡಿಸೋಕಿಂತ ಮೊದ್ಲೇ ಒಳಗಿನ ಪೈಪಿನ ಮ್ಯಾಲ ಮಾರ್ಕರ್‌ಲೆ ಗೆರೆ ಹಾಕಿ, ಅಷ್ಟು ಒಳಗ ಹೋಯ್ತೋ ಇಲ್ಲೋ ನೋಡ್ಬೇಕು. ಎರಡು ಮಿನಿಟಿನ ಕೆಲ್ಸ, ಯಾರೂ ಮಾಡಂಗಿಲ್ಲ.

ಕ್ಲ್ಯಾಂಪ್ ಯಾವ್ದು ಬಂದದ? ಯು ಆಕಾರದ್ದು ಆದ್ರ ತಗದು ಅಗಲ ಪಟ್ಟಿ ಕ್ಲ್ಯಾಂಪ್ ಹಾಕ್ಸ್ರಿ. ಯು ಕ್ಲ್ಯಾಂಪು ಎರಡೇ ಕಡೆ ಒತ್ತತದ, ಪೈಪು ಅಲ್ಲಿ ನೆಗ್ಗತದ, ಉಳಿದ ಕಡೆ ಉಬ್ತದ, ಉಬ್ಬಿದಲ್ಲಿ ಸೋರ್ತದ. ಮೂರ್ ಸಲ ಬಿಗಿ ಮಾಡಿಸೀನಿ ಅಂದ್ರಲ್ಲ, ಪೈಪ್ ನೆಗ್ಗಿದ್ದು ನೋಡ್ರಿ, ನೆಗ್ಗಿ ಕಚ್ಕೊಂಡಿದ್ರ ಆ ಭಾಗ ಕತ್ತರಿಸಿ ಹೊಸ ತುಂಡು ಹಾಕೋದೇ ಸೈ.

ಕ್ಯಾಟಿನ ಹತ್ರ ಇರೋದು ಎರಡು ಬೋಲ್ಟಿನ ಚಪ್ಪಟಿ ಜಾಯಿಂಟ್. ಹಳೇ ಗ್ಯಾಸ್ಕೆಟ್ (ನಡುವ ಸೋರದಂಗ ತಡಿಯೋ ಪಟ್ಟಿ) ತಿರುಗಿ ಹಾಕಿದ್ರೇನು? ಹಾಕಿದ್ರ ತಗೀರಿ, ಒಮ್ಮೆ ಒತ್ತಿಸ್ಕೊಂಡ ಗ್ಯಾಸ್ಕೆಟ್ ಎರಡ್ನೇ ಸಲ ಕೂಡಂಗಿಲ್ಲ. ಆ ಚಪ್ಪಟಿ ಮಾರಿಯೂ ಸಪಾಟ ಇರ್ಬೇಕು, ಅಗ್ಗದ ಪೀಸ್‌ಗಳಾಗ ವೆಲ್ಡಿಂಗ್ ಬಿಸಿಗಿ ಅದು ಬಾಳಿ ಎಲೀಯಂಗ ಬಗ್ಗಿರ್ತದ. ನಾ ಏನ್ ಮಾಡ್ತೀನಿ ಅಂದ್ರ ಪಾಲಿಶ್ ಮಾಡಿದ ಶಹಾಬಾದ್ ಫರಸಿ ಒಂದ್ ತುಂಡು ಇಟ್ಕೊಂಡೀನಿ, ಅದ್ರ ಮ್ಯಾಲ ಪಾಲಿಶ್ ಪೇಪರ್ ಹಾಸಿ ಪೈಪಿನ ಆ ಮಾರಿ ನಾಕ್ ಸಲ ತಿಕ್ಕತೀನಿ, ಹೊಳಪು ಎಲ್ಲಾ ಕಡೆ ಬಂತಂದ್ರ ಸಪಾಟ, ಎರಡೂ ತುದಿಗಷ್ಟೇ ಹೊಳದು ನಡು ಕರ್ರಗ ಉಳೀತು ಅಂದ್ರ ಬಗ್ಗ್ಯಾದ, ಅರ ಹಾಕಿ ಇಳಿಸ್ಬೇಕು. ದಪ್ಪ ಗ್ಲಾಸಿನ ತುಂಡು ಸಿಕ್ಕ್ರ ಇನ್ನೂ ಛಲೋ.

ಕೆಲವು ಗಾಡಿಗಿ ಅಲ್ಲಿ ಸ್ಪ್ರಿಂಗ್ ಬೋಲ್ಟು, ನಡುವ ದುಂಡ ಉಂಗುರದಂಥಾ ಗ್ಯಾಸ್ಕೆಟ್ ಇರ್ತದ. ನಾ ಕೆಲಸಕ್ಕ ಸೇರಿದ ಹೊಸದಾಗ ಇಂಥಾದ್ದೇ ಒಂದು ಗಾಡಿ ಬಂದಿತ್ತು, ಸಣ್ಣಗ ಸೋರ್ತಿತ್ತು, ನಾ ಜೋರ್ ಹಾಕಿ ಸ್ಪ್ರಿಂಗಿನ ಸುತ್ತೆಲ್ಲಾ ಒಂದಕ್ಕೊಂದು ಕೂಡೋ ತನಕ ಬಿಗ್ದು ಉಸ್ತಾದ್ ಮುಂದ ಹೆಮ್ಮೆಲೆ ನಿಂತೆ. ಉಸ್ತಾದ್ ಏನೂ ಅನ್ಲಿಲ್ಲ, ನಕ್ಕು ಹೋದ. ನಾಕ್ ದಿನಕ್ಕ ಗಾಡಿ ತಿರುಗಿ ಬಂತು, ಬೋಲ್ಟ್ ಕಟ್ಟಾಗಿ. ಎಂಜಿನ್ ಅಲುಗಿದಾಗ ಆ ಜಾಯಿಂಟು ಕೀಲಿನಂಗ ತಿರುಗ್ಲಿ ಅಂತನೇ ಸ್ಪ್ರಿಂಗ್ ಕೊಟ್ಟಿರ್ತಾರ, ಬೋಲ್ಟಿನಾಗೇ ಒಂದು ಮೆಟ್ಟಿಲು ಇರ್ತದ, ಅಲ್ಲಿಗಿ ನಿಂತ್ರ ಮುಗೀತು, ಸ್ಪ್ರಿಂಗಿಗಿ ಉಸಿರಾಡ್ಲಿಕ್ಕಿ ಜಾಗ ಉಳೀಬೇಕು.

ಟ್ಯಾಂಕಿ ಸೀಲ್ ಉದುರಿದ್ದಕ್ಕ ಆಶ್ಚರ್ಯ ಇಲ್ಲ, ಅದು ಇಂಥಾ ಬಿಸಿಗಿ ಮಾಡಿದ್ದೇ ಅಲ್ಲ. ಕೆಂಪು ಸಿಲಿಕಾನೂ 300 ಡಿಗ್ರಿ ಆಸುಪಾಸಿನಾಗ ಕೈ ಎತ್ತತದ, ಮ್ಯಾಲಾಗಿ ಮುಂದಿನ ಪೈಪಿನಾಗ ಹಚ್ಚಿದ್ರ ಅದರ ಆವಿ ಹೊಗಿಯಾಗಿನ ಆಕ್ಸಿಜನ್ ಅಳಿಯೋ ಸೆನ್ಸರ್ ಕೆಡಸ್ತದ. ಸೈಲೆನ್ಸರಿಗೇ ಅಂತ ಬೂದಿ ಬಣ್ಣದ ಮಣ್ಣಿನಂಥಾ ಪೇಸ್ಟ್ ಸಿಗ್ತದ, ಬಿಸಿಗಿ ಗಟ್ಟಿ ಆಗೋದು, ಅದನ್ನ ಪೈಪು ಕೂಡಿಸೋ ಮೊದ್ಲು ಒಳಗಿನ ಪೈಪಿಗಿ ತೆಳ್ಳಗ ಸವರ್ಬೇಕು. ಹೊರಗಿಂದ ಮೆತ್ತೋದು ಗ್ವಾಡಿಗಿ ಸಾರ್ಣಿ ಮಾಡ್ದಂಗ, ನೋಡ್ಲಿಕ್ಕಿ ಅಷ್ಟೇ.

ಆಯ್ತಲ್ಲ, ಈಗ ಸೋರೋದು ನಿಂತದನೋ ಇಲ್ಲೋ? ಹೊಗಿ ಕೈಗಿ ತಾಗ್ತದನೋ ಅಂತ ಬಿಸಿ ಪೈಪಿನ ಹತ್ರ ಕೈ ಒಯ್ಯಬ್ಯಾಡ್ರಿ. ಎಂಜಿನ್ ಬಂದ್, ಗಾಡಿ ತಣ್ಣಗ, ಜಾಕ್ ಒಂದ್ರ ಮ್ಯಾಲೇ ನಂಬಿ ಕೆಳಗ ತೂರ್ಬ್ಯಾಡ್ರಿ, ಸ್ಟ್ಯಾಂಡ್ ಇಡ್ರಿ. ಗ್ಯಾರೇಜ್‌ದಾಗ ಧೂಳ್ ಹೊಡ್ಯೋ ಬ್ಲೋವರ್ ಇರ್ತದಲ್ಲ, ಅದರ ಮೂತಿ ಸೈಲೆನ್ಸರಿನ ಬಾಯಿಗಿ ಇಟ್ಟು ಸುತ್ತ ಅರಬಿ ತುರುಕಿ ಗಾಳಿ ಬಿಡ್ರಿ, ಪಾತ್ರೆ ತಿಕ್ಕೋ ಲಿಕ್ವಿಡ್ ನೀರಾಗ ಕಲಸಿ ಸ್ಪ್ರೇ ಬಾಟ್ಲಿಲೆ ಜಾಯಿಂಟಿಗೆಲ್ಲಾ ಹೊಡೀರಿ. ಗುಳ್ಳೆ ಎದ್ದಲ್ಲಿ ಲೀಕ್. ಒಂದ್ ಮಾತ್ರ, ಡಬ್ಬಿ ತಳದಾಗ ಸೂಜಿಯಷ್ಟು ತೂತಿಂದ ಗುಳ್ಳೆ ಬಂದ್ರ ಅದಕ್ಕ ವೆಲ್ಡಿಂಗ್ ಹೊಡಿಸ್ಬ್ಯಾಡ್ರಿ, ಒಳಗಿನ ನೀರ್ ಇಳೀಲಿ ಅಂತ ಬೇಕಂತಲೇ ಬಿಟ್ಟಿದ್ದು. ಬ್ಲೋವರ್ ಇಲ್ದಿದ್ರ ವಾರದ ನಂತರ ಜಾಯಿಂಟ್ ಸುತ್ತ ಕಪ್ಪು ಮಸಿ ನೋಡ್ರಿ, ಸೋರೋ ಜಾಗ ತಾನೇ ಕಾಡಿಗಿ ಹಚ್ಕೊಂಡಿರ್ತದ. 50-100 ಕಿಲೋಮೀಟರ್ ಓಡಿಸಿ, ತಣ್ಣಗಾದ ಮ್ಯಾಲ ಒಮ್ಮೆ ಬಿಗಿ ನೋಡ್ಬೇಕು, ಗ್ಯಾಸ್ಕೆಟ್ ಬಿಸಿಗಿ ತುಸು ಕುಂತಿರ್ತದ. ಅಷ್ಟೊಂದೇ ಸಲ. ಮತ್ತ ಮತ್ತ ಬಿಗಿ ಮಾಡೋ ಪಾಳಿ ಬಂತಂದ್ರ ಮೊದಲ್ನೇ ಪರೀಕ್ಷಾಕ್ಕ ತಿರುಗಿ ಹೋಗ್ರಿ.

ಪ್ರಶ್ನೆ (ಬೀದರ): ಈ ಕ್ಲ್ಯಾಂಪಿನ ತಂಟೇನೇ ಬ್ಯಾಡ, ಎಲ್ಲಾ ಜಾಯಿಂಟ್ ವೆಲ್ಡಿಂಗ್ ಮಾಡಿಸ್ಬಿಟ್ರ ಹ್ಯಾಂಗ ಅಣ್ಣಾ?

ಉತ್ತರ: ಸೋರೋದು ನಿಲ್ತದ, ಮುಂದ ಡಬ್ಬಿ ಒಂದು ಬದಲಾಯಿಸ್ಬೇಕಂದ್ರ ಪೂರಾ ಕೊಯ್ಬೇಕಾಗ್ತದ. ಒಂದೆರಡು ಜಾಯಿಂಟ್ ಮಾಡಿಸ್ರಿ, ಒಂದರೆ ಬಿಚ್ಚೋದು ಇರ್ಲಿ. ಗೇಟು ಕಿಡಕಿ ಮಾಡೋ ವೆಲ್ಡಿಂಗ್ ಅಂಗಡಿಯಾಗ ಮಾಡಿಸ್ತೀರಿ ಅಂದ್ರ ಮೊದ್ಲೇ ಕೇಳ್ರಿ, ಸ್ಟೇನ್‌ಲೆಸ್ ರಾಡ್ ಅದನೋ ಇಲ್ಲೋ ಅಂತ. ಮಾಮೂಲಿ ಕಬ್ಬಿಣದ ರಾಡ್ ಹೊಡ್ದ್ರ ಸ್ಟೀಲ್ ಪೈಪು ಹೊಳೀತಿರ್ತದ, ಬೆಸುಗೆ ಮಾತ್ರ ಮಳಿಗಾಲ ಮುಗಿಯೋದ್ರಾಗ ಕೆಂಪಗ. ಸ್ಟೀಲ್ ಪೈಪನ್ನ ಹಳೇ ಕಬ್ಬಿಣದ ಪೈಪಿಗಿ ಕೂಡಸ್ಲಿಕ್ಕಿ 309 ನಂಬರಿನ ರಾಡ್. ಆರ್ಗಾನ್ ವೆಲ್ಡಿಂಗ್ ಸಿಕ್ಕ್ರ ಅದೇ ಉತ್ತಮ, ಪೈಪಿನ ಒಳಗೂ ಆರ್ಗಾನ್ ಬಿಡ್ತೀರೇನು ಅಂತ ಕೇಳ್ರಿ, ಬಿಡ್ಲಿಲ್ಲ ಅಂದ್ರ ಬೆಸುಗೆಯ ಒಳಬದಿ ಸಕ್ರಿ ಕರಗಿ ಸೀದಂಗ ಕರ್ರಗ ಹಳ್ಳುಹಳ್ಳು ಆಗ್ತದ, ಸೀಳು ಅಲ್ಲಿಂದನೇ ಶುರು. ಗಾಡಿ ಮ್ಯಾಲೇ ಇಟ್ಟು ಹೊಡಿಸೋದಾದ್ರ ಬ್ಯಾಟರಿ ಮೈನಸ್ ತಗಸ್ರಿ, ಅರ್ಥಿಂಗ್ ಬೆಸುಗೆ ಹತ್ರನೇ ಕಚ್ಚಸ್ರಿ, ಪೆಟ್ರೋಲ್ ಟ್ಯಾಂಕ್ ಹತ್ರ ಅಂತೂ ಒಪ್ಪಬ್ಯಾಡ್ರಿ, ಪೈಪು ಇಳಿಸಿ ಹೊರಗ ಒಯ್ದು ಹೊಡಿಸ್ರಿ.

ಪ್ರಶ್ನೆ (ಯಾದಗಿರಿ): ಹೊಸ ಸೈಲೆನ್ಸರ್ ಹಾಕಿದ ಮ್ಯಾಲ ಎಂಜಿನ್ ಚೆಕ್ ಲೈಟ್ ಬಂದದ, ಗಾಡಿ ಒಳಗ ವಾಸನಿ ಬರ್ತದ. ಮನಿಯವರು ತಲಿ ನೋಯ್ತದ ಅಂತಾರ. ಕ್ಯಾಟ್ ತಗದು ಬರೀ ಪೈಪು ಹಾಕಿದ್ರ ಲೈಟ್ ಹೋಗ್ತದ ಅಂತ ಒಬ್ರು ಹೇಳಿದ್ರು.

ಉತ್ತರ: ತಲಿನೋವು ಅಂದ್ರಲ್ಲ, ಮೊದ್ಲು ಆ ಗಾಡಿ ಓಡಿಸೋದು ನಿಲ್ಲಸ್ರಿ, ಲೈಟಿಂದು ಆಮ್ಯಾಲ. ವಾಸನಿ ಬರೋದು ಬ್ಯಾರೆ ಗ್ಯಾಸಿಂದು, ಜೀವ ತೆಗೆಯೋ ಕಾರ್ಬನ್ ಮೊನಾಕ್ಸೈಡಿಗಿ ಬಣ್ಣಾನೂ ಇಲ್ಲ ವಾಸನೀನೂ ಇಲ್ಲ, ಅದರ ಮೊದಲ ಗುರ್ತೇ ತಲಿನೋವು, ವಾಕರಿಕಿ. ಗ್ಯಾರೇಜಿಗಿ ಒಯ್ಯೋವಾಗ ಕಿಡಕಿ ಎಲ್ಲಾ ಇಳಿಸಿ, ಒಬ್ರೇ ಹೋಗ್ರಿ. ಶೆಡ್ ಬಾಗ್ಲಾ ಹಾಕ್ಕೊಂಡು ಎಂಜಿನ್ ಚಾಲೂ ಇಡೋದು ಒಂದ್ ಮಿನಿಟೂ ಬ್ಯಾಡ. ಜಾಯಿಂಟ್ ಸಂಗಟ ನೆಲದ ರಬ್ಬರ್ ಮುಚ್ಚಳ, ಡಿಕ್ಕಿ ಬಾಗ್ಲಾ ರಬ್ಬರೂ ನೋಡಿಸ್ರಿ.

ಲೈಟಿನ ಕತಿ ಹಿಂಗದ. ಹೊಗಿ ಪೈಪಿನಾಗ ಒಂದೇ ಸವನೆ ಹೋಗಂಗಿಲ್ಲ, ಧಡ್ ಧಡ್ ಅಂತ ಬಡತ ಬಡತ ಹೋಗ್ತದ, ಎರಡು ಬಡತದ ನಡುವ ಒಂದ್ ಚಣ ಪೈಪು ಹೊರಗಿನ ಗಾಳಿ ಒಳಗ ಎಳ್ಕೋತದ. ಸೆನ್ಸರಿನ ಹತ್ರ ಸಂದಿ ಇದ್ರ ಆ ಗಾಳಿಯ ಆಕ್ಸಿಜನ್ ಸೆನ್ಸರಿಗಿ ತಾಗ್ತದ, ಕ್ಯಾಟಿನ ಮುಂದಿನ ಸೆನ್ಸರಾದ್ರ ಗಾಡಿ ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಆಯ್ತು ಅಂತ ತಿಳ್ದು ಇನ್ನೂ ಸುರೀತದ, ಮೈಲೇಜ್ ಹಾಳು. ಹಿಂದಿನದಾದ್ರ ಕ್ಯಾಟ್ ಕೆಟ್ಟದ ಅಂತ ಪಿ 0420 ಕೋಡ್ ತೋರಸ್ತದ, ಕ್ಯಾಟ್ ಛಲೋನೇ ಇದ್ರೂ. ಅದಕ್ಕ ಕೋಡ್ ಓದ್ಸಿ, ಲೀಕ್ ಮುಚ್ಚಿ, ಕೋಡ್ ಅಳಿಸಿ ನೋಡ್ರಿ. ಕ್ಯಾಟ್ ತಗದ್ರ ಅದೇ ಕೋಡ್ ಖಾಯಂ ಆಗಿ ಕೂಡ್ತದ, ಲೈಟ್ ಹೋಗೋ ಮಾತೇ ಇಲ್ಲ. ಪಿಯುಸಿ, ಅಂದ್ರ ಗಾಡಿ ಹೊಗಿ ತಪಾಸಣಿ, ಪಾಸ್ ಆಗೋದು ಕಷ್ಟ, ಸದ್ದು ಹೊಗಿಯ ನಿಯಮ ಮೀರಿದ್ದಕ್ಕ ಮೋಟಾರು ವಾಹನ ಕಾಯ್ದೆ 190(2)ರಾಗ 10,000 ರೂಪಾಯಿ ತನಕ ದಂಡ ಬೀಳಬಹುದು. ಆ ಹೇಳಿದವ್ರಿಗಿ ಕೇಳ್ರಿ, ತಗದ ಕ್ಯಾಟ್ ಯಾರ್ ಇಟ್ಕೋತಾರ ಅಂತ. ಅದರೊಳಗ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರ್ತದ, ಗುಜರಿಯಾಗ ಛಲೋ ರೊಕ್ಕ ಬರ್ತದ.