ಹದಿನಾಲ್ಕು ಬೇಡಿಕೆಯ ಮನವಿ ಯಾರ ಜೇಬಿಗೂ ಹಿಡಿಸುವುದಿಲ್ಲ

ವೈದ್ಯಕೀಯ ಸೌಲಭ್ಯಕ್ಕಾಗಿ ಶಾಸಕರು, ಸಂಸದರ ಬಾಗಿಲು ತಟ್ಟುತ್ತಿರುವ ನಿವೃತ್ತರ ಪ್ರಶ್ನೆಗಳಿಗೆ, ಶಾಸಕಾಂಗದ ಕಾರ್ಯವಿಧಾನ ಬಲ್ಲ ನಿವೃತ್ತ ಅಧಿಕಾರಿಯೊಬ್ಬರ ಉತ್ತರಗಳು.

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ನಿವೃತ್ತ ನೌಕರರ ಸಂಘ. ಮೂರು ವರ್ಷಗಳಲ್ಲಿ ಶಾಸಕರಿಗೆ ನಾಲ್ಕು ಸಲ, ಸಂಸದರಿಗೆ ಎರಡು ಸಲ ಮನವಿ ಕೊಟ್ಟಿದ್ದೇವೆ. ಜಿಲ್ಲಾಸ್ಪತ್ರೆಗೆ ವೃದ್ಧರ ಚಿಕಿತ್ಸೆ ಬಲ್ಲ ವೈದ್ಯರು ಬೇಕು, ಆಯುಷ್ಮಾನ್ ಯೋಜನೆಯಲ್ಲಿ ಹೊರರೋಗಿ ಚಿಕಿತ್ಸೆ ಸೇರಬೇಕು, ವೈದ್ಯಕೀಯ ಭತ್ಯೆ ಹೆಚ್ಚಬೇಕು, ಹೀಗೆ ಒಟ್ಟು 14 ಬೇಡಿಕೆಗಳು. ಪ್ರತಿ ಸಲವೂ ‘ನೋಡೋಣ, ಮಾಡಿಸೋಣ’ ಎನ್ನುತ್ತಾರೆ. ಏನೂ ಆಗುವುದಿಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ?
(ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ)

ಉತ್ತರ: ಮನವಿ ಪತ್ರ ಸಾಗುವ ಹಾದಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಭೆ ಮುಗಿದು, ಹಾರ ತುರಾಯಿಗಳು ಕಾರಿನ ಹಿಂದಿನ ಸೀಟು ಸೇರಿದ ಮೇಲೆ ಪತ್ರ ಆಪ್ತ ಸಹಾಯಕರ ಕೈಗೆ ಬರುತ್ತದೆ. ಅವರು ಮೊದಲ ಎರಡು ಸಾಲು ಓದುತ್ತಾರೆ, ಕೊನೆಯ ಪುಟದ ಸಹಿ ನೋಡುತ್ತಾರೆ, ಮೂಲೆಯಲ್ಲಿ ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಒಂದು ಇಲಾಖೆಗೆ ಕಳಿಸುತ್ತಾರೆ. ನಿಮ್ಮ ಹದಿನಾಲ್ಕು ಬೇಡಿಕೆಗಳು ಐದು ಇಲಾಖೆಗಳಿಗೆ ಸೇರಿದ್ದರೂ ಪತ್ರ ಹೋಗುವುದು ಒಂದಕ್ಕೇ. ಆ ಇಲಾಖೆಯವರು ‘ಇವುಗಳಲ್ಲಿ ಹನ್ನೊಂದು ನಮಗೆ ಸಂಬಂಧಿಸಿದವಲ್ಲ’ ಎಂದು ಟಿಪ್ಪಣಿ ಬರೆದು ಕಡತ ಮುಗಿಸುತ್ತಾರೆ. ಉಳಿದ ಮೂರು ಅದರೊಂದಿಗೇ ಮುಗಿಯುತ್ತವೆ.

ಆದ್ದರಿಂದ ಮೊದಲು ಬೇಡಿಕೆಗಳನ್ನು ಬಾಗಿಲುಗಳ ಪ್ರಕಾರ ವಿಂಗಡಿಸಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ರಾಜ್ಯ ಪಟ್ಟಿಯಲ್ಲಿವೆ. ವಿಮೆ ಕೇಂದ್ರ ಪಟ್ಟಿಯಲ್ಲಿದೆ. ಜಿಲ್ಲಾಸ್ಪತ್ರೆಯ ವೈದ್ಯರ ಹುದ್ದೆ ಶಾಸಕರ ಬಾಗಿಲು. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ಚಿಕಿತ್ಸಾಲಯಗಳ ವ್ಯಾಪ್ತಿಯ ಹೊರಗಿರುವ ಕೇಂದ್ರ ಪಿಂಚಣಿದಾರರ ವೈದ್ಯಕೀಯ ಭತ್ಯೆ ಸಂಸದರ ಬಾಗಿಲು. 2017ರ ಜುಲೈನಲ್ಲಿ ಅದನ್ನು ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿದ್ದು ಕೇಂದ್ರವೇ. ಆಯುಷ್ಮಾನ್ ಯೋಜನೆ ಎರಡೂ ಬಾಗಿಲಿನದು. 2024ರ ಅಕ್ಟೋಬರ್ 29ರಂದು ಅದನ್ನು ಆದಾಯದ ಮಿತಿಯಿಲ್ಲದೆ 70 ದಾಟಿದ ಎಲ್ಲರಿಗೂ ವಿಸ್ತರಿಸಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಘೋಷಿಸಿದ್ದು ಕೇಂದ್ರ. ವೆಚ್ಚವನ್ನು ಮಾತ್ರ ಕೇಂದ್ರ ಮತ್ತು ರಾಜ್ಯಗಳು 60:40ರಂತೆ ಹೊರಬೇಕು. ಈ 5 ಲಕ್ಷ ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ. ನಿವೃತ್ತರ ಜೇಬು ಖಾಲಿಯಾಗುವುದು ಪ್ರತಿ ತಿಂಗಳ ರಕ್ತದೊತ್ತಡದ ಗುಳಿಗೆ, ಸಕ್ಕರೆ ಪರೀಕ್ಷೆ, ಕಣ್ಣಿನ ಹನಿಗಳಿಗೆ. ಹೊರರೋಗಿ ಚಿಕಿತ್ಸೆಯ ನಿಮ್ಮ ಬೇಡಿಕೆ ಸರಿಯಾದುದೇ. ಆದರೆ ಅದು ಹದಿನಾಲ್ಕರ ನಡುವೆ ಒಂಬತ್ತನೆಯದಾಗಿ ಕೂತರೆ ಯಾರ ಕಣ್ಣಿಗೂ ಬೀಳದು.

ಎರಡನೆಯ ಮಾತು ಸ್ವಲ್ಪ ಖಾರವಾಗಿದೆ, ಬೇಸರಿಸಬೇಡಿ. ನೀವು ಶಾಸಕರನ್ನು ‘ಮಾಡಿಸಿಕೊಡಿ’ ಎಂದು ಕೇಳುತ್ತಿದ್ದೀರಿ. ವೈದ್ಯರನ್ನು ನೇಮಿಸುವ ಅಧಿಕಾರ ಅವರಿಗಿಲ್ಲ. ಸದನದಲ್ಲಿ ಪ್ರಶ್ನೆ ಕೇಳುವ ಅಧಿಕಾರವಿದೆ, ಅದನ್ನು ನೀವು ಕೇಳಿಯೇ ಇಲ್ಲ.

ಒಂದು ಘಟನೆ ಹೇಳುತ್ತೇನೆ. ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಶಾಸಕರನ್ನು ಕಾಣಲು ಬಂದಿದ್ದರು. ಕೈಯಲ್ಲಿ ಔಷಧಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಿಂದ ತೆಗೆದದ್ದು ಎರಡೇ ಕಾಗದ. ಒಂದು ಜಿಲ್ಲಾಸ್ಪತ್ರೆಯ ಹೊರರೋಗಿ ಚೀಟಿ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: ‘ಸಾಲಿಗೆ ನಿಂತದ್ದು 8.40, ವೈದ್ಯರನ್ನು ಕಂಡದ್ದು 12.55, ಕೂರಲು ಜಾಗ ಇಲ್ಲ.’ ಇನ್ನೊಂದು, ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 20ನೇ ಸೆಕ್ಷನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಧ್ಯವಾದ ಮಟ್ಟಿಗೆ ಹಿರಿಯರಿಗೆ ಹಾಸಿಗೆ ಇರಬೇಕು, ಪ್ರತ್ಯೇಕ ಸಾಲು ಇರಬೇಕು, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವೃದ್ಧರ ಆರೈಕೆಯ ಅನುಭವವುಳ್ಳ ವೈದ್ಯಾಧಿಕಾರಿಯ ಕೈಕೆಳಗೆ ಮೀಸಲು ವ್ಯವಸ್ಥೆ ಇರಬೇಕು ಎನ್ನುತ್ತದೆ ಅದು. ‘ಕಾನೂನಿನಲ್ಲಿ ಸಾಲು ಇದೆ ಸಾರ್, ಆಸ್ಪತ್ರೆಯಲ್ಲಿ ಇಲ್ಲ. ಯಾಕೆ ಅಂತ ಮಂತ್ರಿಗಳನ್ನು ಕೇಳುತ್ತೀರಾ?’ ಎಂದರು. ಅಷ್ಟೇ ಮಾತು.

ಶಾಸಕರು ಚೀಟಿಯ ಬೆನ್ನನ್ನು ಎರಡು ಸಲ ಓದಿದರು. ಮುಂದಿನ ಅಧಿವೇಶನದಲ್ಲಿ ಅದು ಪ್ರಶ್ನೆಯಾಯಿತು. (ಅ) ಸದರಿ ಜಿಲ್ಲಾಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇದೆಯೇ? (ಆ) ಇಲ್ಲದಿದ್ದರೆ ಕಾರಣವೇನು? (ಇ) ಯಾವಾಗ ಆರಂಭಿಸಲಾಗುವುದು? ಲಿಖಿತ ಉತ್ತರದಲ್ಲಿ ‘ಕ್ರಮ ವಹಿಸಲಾಗುತ್ತಿದೆ’ ಎಂದಿತ್ತು. ನೀವು ನಗಬಹುದು. ಆದರೆ ಸದನದಲ್ಲಿ ಕೊಟ್ಟ ಉತ್ತರಕ್ಕೆ ಇಲಾಖೆ ಬದ್ಧವಾಗಿರಬೇಕು. ಆ ಹಾಳೆಯ ಪ್ರತಿ ಹಿಡಿದು ಶಿಕ್ಷಕಿ ಜಿಲ್ಲಾ ಶಸ್ತ್ರಚಿಕಿತ್ಸಕರ ಕೊಠಡಿಗೆ ಹೋದಾಗ ಅವರಿಗೆ ಕೂರಲು ಕುರ್ಚಿ ಸಿಕ್ಕಿತು. ಸಾಲಿಗೆ ಇನ್ನೂ ಎಂಟು ತಿಂಗಳು ಹಿಡಿಯಿತು.

ಸಂಸತ್ತಿನಲ್ಲೂ ಹೀಗೆಯೇ. ಲೋಕಸಭೆಯಲ್ಲಿ ದಿನಕ್ಕೆ ಸಚಿವರು ಮೌಖಿಕವಾಗಿ ಉತ್ತರಿಸುವ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಲಿಖಿತ ಉತ್ತರ ಬರುವ 230 ಚುಕ್ಕೆ ರಹಿತ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಹದಿನೈದು ದಿನ ಮೊದಲೇ ಸೂಚನೆ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ದೆಹಲಿಗೆ ಟಿಕೆಟ್ ಮಾಡಿಸಿದರೆ ಪ್ರಯೋಜನ ಕಡಿಮೆ. ಇನ್ನೊಂದು ಸೂಕ್ಷ್ಮ: ‘ನಮ್ಮ ಜಿಲ್ಲಾಸ್ಪತ್ರೆಯಲ್ಲಿ ವೈದ್ಯರಿಲ್ಲ’ ಎಂದು ಸಂಸದರಿಂದ ಕೇಳಿಸಿದರೆ ‘ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ವಿಷಯ’ ಎಂಬ ಹಳೆಯ ಸಾಲು ಬರುತ್ತದೆ. ಹಾಗೆ ಕೇಳಿಸಬೇಡಿ. 2010–11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ಪಾಲನೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗೆ ಹತ್ತು ಹಾಸಿಗೆಯ ವೃದ್ಧರ ವಾರ್ಡ್ ಎಂದಿದೆ. ಅದರಡಿ ಕರ್ನಾಟಕಕ್ಕೆ ಜಿಲ್ಲಾವಾರು ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಕೇಳಿಸಿ. ಕೇಂದ್ರದ ಹಣದ ಲೆಕ್ಕ ಕೇಂದ್ರವೇ ಹೇಳಬೇಕು.

ಪ್ರಶ್ನೆಯಿಂದಲೂ ಆಗದಿದ್ದರೆ ವಿಧಾನಸಭೆಗೂ ಲೋಕಸಭೆಗೂ ಅರ್ಜಿ ಸಮಿತಿಗಳಿವೆ. ಸಾರ್ವಜನಿಕ ಹಿತದ ವಿಷಯದಲ್ಲಿ ನಾಗರಿಕರು ಸದಸ್ಯರೊಬ್ಬರ ಮೂಲಕ ಸದನಕ್ಕೇ ಅರ್ಜಿ ಸಲ್ಲಿಸಬಹುದು. ಸಮಿತಿ ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ. ವಿಷಯ ನ್ಯಾಯಾಲಯದಲ್ಲಿದ್ದರೆ ಈ ದಾರಿ ಮುಚ್ಚಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು. ನಮ್ಮ ಗುಂಪು ವಿಮೆಗೆ ಇನ್ನೂ ಶೇ 18 ಕಟ್ಟುತ್ತಿದ್ದೇವೆ. ಸಂಸದರು ‘ಮಂಡಳಿಯಲ್ಲಿ ರಾಜ್ಯಗಳು ಒಪ್ಪಬೇಕು’ ಎನ್ನುತ್ತಾರೆ, ಶಾಸಕರು ‘ದೆಹಲಿಯ ವಿಷಯ’ ಎನ್ನುತ್ತಾರೆ. ಯಾರ ಮಾತು ನಿಜ?
(ಓದುಗರು, ಶಿವಮೊಗ್ಗ)

ಉತ್ತರ: ಇಬ್ಬರದೂ ಅರ್ಧರ್ಧ ನಿಜ, ಅದಕ್ಕೇ ಇಬ್ಬರಿಗೂ ತಪ್ಪಿಸಿಕೊಳ್ಳಲು ಸುಲಭ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತದ ತೂಕ ಮೂರರಲ್ಲಿ ಒಂದು ಪಾಲು, ರಾಜ್ಯಗಳದ್ದೆಲ್ಲ ಸೇರಿ ಎರಡು ಪಾಲು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಯಾರೊಬ್ಬರಿಂದಲೂ ಆಗುವ ಕೆಲಸವಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೆ ವಿನಾಯಿತಿ ಸಿಕ್ಕಿತು, ಗುಂಪು ಪಾಲಿಸಿ ಹೊರಗುಳಿಯಿತು. ಗುಂಪು ವಿಮೆ ಎಂದರೆ ಉದ್ಯೋಗದಾತ ಕಟ್ಟುವುದು ಎಂಬುದು ಸಾಮಾನ್ಯ ತಿಳಿವಳಿಕೆ. ನೀವು ಪೂರ್ತಿ ಪ್ರೀಮಿಯಂ ಸ್ವಂತ ಪಿಂಚಣಿಯಿಂದ ಕಟ್ಟುತ್ತಿದ್ದರೆ ನಿಮ್ಮ ವಾದದ ಜೀವಾಳ ಅದೇ. ಪ್ರೀಮಿಯಂ 60,000 ಎಂದುಕೊಳ್ಳಿ, ತೆರಿಗೆ 10,800. ನಿಮ್ಮ ಖಾತೆಯಿಂದ ಅದು ಕಡಿತವಾದ ಪಾಸ್‌ಬುಕ್ ಸಾಲಿಗೆ ಗೆರೆ ಎಳೆದು ಪ್ರತಿ ಮಾಡಿಸಿ. ಒಂದು ಪ್ರತಿ ಸಂಸದರಿಗೆ, ಕೇಂದ್ರ ಹಣಕಾಸು ಸಚಿವರಿಗೆ ಬರೆಯುವಂತೆ ಕೋರಿ. ಇನ್ನೊಂದು ಶಾಸಕರಿಗೆ, ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಸಚಿವರಿಗೆ ಬರೆಯುವಂತೆ ಕೋರಿ. ಇಬ್ಬರ ಪತ್ರದಲ್ಲೂ ಇನ್ನೊಬ್ಬರಿಗೆ ಬರೆದಿರುವುದನ್ನು ನಮೂದಿಸಿ. ಚೆಂಡು ಅತ್ತಿತ್ತ ಹಾರುವುದು ಅಲ್ಲಿಗೆ ನಿಲ್ಲುತ್ತದೆ.

ಪ್ರಶ್ನೆ: ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದೆ. ಇಪಿಎಸ್ (ಭವಿಷ್ಯ ನಿಧಿಯ ನೌಕರರ ಪಿಂಚಣಿ ಯೋಜನೆ) ಪಿಂಚಣಿ ಸಾವಿರ ರೂಪಾಯಿ ಚಿಲ್ಲರೆ. ಪಿಂಚಣಿ ಹೆಚ್ಚಳ, ಉಚಿತ ಚಿಕಿತ್ಸೆಗಾಗಿ ಸಂಸದರ ಕಚೇರಿಗೆ ಅಲೆಯುತ್ತಿದ್ದೇವೆ. ಅಲ್ಲಿಯವರೆಗೆ ಔಷಧಿಗೆ ಏನು ಮಾಡಲಿ?
(ಓದುಗರು, ದಾವಣಗೆರೆ)

ಉತ್ತರ: ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರ್‌ನಲ್ಲಿ. ಹೋರಾಟ ಬಿಡಬೇಡಿ. ಆದರೆ ಇರುವ ಹಕ್ಕನ್ನು ಮೊದಲು ಕೈಗೆ ತೆಗೆದುಕೊಳ್ಳಿ. ನೀವು ಕನಿಷ್ಠ ಐದು ವರ್ಷ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕೆಲಸದಲ್ಲಿದ್ದು ವಯೋನಿವೃತ್ತಿ ಹೊಂದಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ನೀವೂ ನಿಮ್ಮ ಪತ್ನಿಯೂ ಇಎಸ್‌ಐ ಚಿಕಿತ್ಸೆ ಪಡೆಯಬಹುದು. ಸೇವಾ ದಾಖಲೆಯೊಂದಿಗೆ ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಅರ್ಹರಾಗಿಯೂ ಇದನ್ನು ಕೇಳದ ಎಷ್ಟೋ ಜನರನ್ನು ಧರಣಿಯ ಪೆಂಡಾಲಿನಲ್ಲೇ ಕಂಡಿದ್ದೇನೆ.

ಪ್ರಶ್ನೆ: ನಾವು ಇರುವುದೇ ಅರವತ್ತು ಮಂದಿ. ನಮ್ಮ ಮಾತಿಗೆ ಯಾರು ಬೆಲೆ ಕೊಡುತ್ತಾರೆ?
(ನಿವೃತ್ತ ಉಪನ್ಯಾಸಕರು, ಧಾರವಾಡ)

ಉತ್ತರ: ವಿಧಾನಸಭಾ ಕ್ಷೇತ್ರದಲ್ಲಿ ಅರವತ್ತು ಮತ ಲೆಕ್ಕಕ್ಕಿಲ್ಲ, ನಿಜ. ವಿಧಾನ ಪರಿಷತ್ತಿನ ಕಡೆ ತಿರುಗಿ. ಅದರ 75 ಸ್ಥಾನಗಳಲ್ಲಿ ಏಳು ಪದವೀಧರರ ಕ್ಷೇತ್ರಗಳವು, ಏಳು ಶಿಕ್ಷಕರ ಕ್ಷೇತ್ರಗಳವು. ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಲು ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷ ಪಾಠ ಮಾಡಿರಬೇಕು, ಹಾಗಾಗಿ ನಿವೃತ್ತರ ಆ ಮತ ಬೇಗ ಕೈಜಾರುತ್ತದೆ. ಪದವೀಧರರ ಮತಕ್ಕೆ ಇಂಥ ಗಡುವಿಲ್ಲ. ಆದರೆ ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಕಳೆದ ಸಲ ಹೆಸರಿತ್ತೆಂದು ಕೂತರೆ ಈ ಸಲ ಇರುವುದಿಲ್ಲ. ಅರವತ್ತೂ ಮಂದಿ ಪದವೀಧರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 18 ತುಂಬಿ, ಪ್ರತಿಗಳನ್ನು ಜೋಡಿಸಿಕೊಂಡು ನಿಮ್ಮ ಪರಿಷತ್ ಸದಸ್ಯರನ್ನು ಕಾಣಿ. ಮತದಾರರು ಕಡಿಮೆ ಇರುವ ಕಡೆ ಅರವತ್ತಕ್ಕೆ ತೂಕ ಬೇರೆಯೇ.

ಪ್ರಶ್ನೆ: ಡಿಸೆಂಬರ್ 17ರ ಪಿಂಚಣಿದಾರರ ದಿನಕ್ಕೆ ಶಾಸಕರನ್ನು ಕರೆಸಿ, ಮೈಸೂರು ಪೇಟ ತೊಡಿಸಿ, ಆಗ ಮನವಿ ಕೊಟ್ಟರೆ ಹೇಗೆ? ಕೆಲವರು ಅವರ ಮನೆ ಮುಂದೆ ಧರಣಿ ಕೂರೋಣ ಎನ್ನುತ್ತಿದ್ದಾರೆ. ನನಗೆ 74, ಮಂಡಿ ನೋವು.
(ಸಂಘದ ಖಜಾಂಚಿ, ತುಮಕೂರು)

ಉತ್ತರ: 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದಿತು. ಆ ದಿನವೇ ಪೇಟ ತೊಡಿಸಿ ಕೈಮುಗಿದು ಬೇಡುವುದು ನನಗೇಕೋ ಸರಿ ಕಾಣುವುದಿಲ್ಲ. ಪೇಟ, ಶಾಲು, ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಸದಸ್ಯರ ಔಷಧಿ ಬಿಲ್ಲುಗಳನ್ನು ನಕಲು ಮಾಡಿಸಿ. ದಿನವೇನೋ ಒಳ್ಳೆಯದು, ಏಕೆಂದರೆ ರಾಜ್ಯ ಬಜೆಟ್ಟಿನ ಸಿದ್ಧತೆಗೆ ಇನ್ನೂ ಸಮಯವಿರುತ್ತದೆ. ಧರಣಿ ಬೇಡ. ಮೂರೇ ಜನ ಸೇರಿ, ಶಾಸಕರು ಊರಿನಲ್ಲಿರುವ ದಿನ ಬೆಳಿಗ್ಗೆ ಕ್ಷೇತ್ರದ ಕಚೇರಿಗೆ ಹೋಗಿ. ಅಲ್ಲಿ ಕುರ್ಚಿ ಇರುತ್ತದೆ. ಬರುವಾಗ ಸ್ವೀಕೃತಿಯ ಮೊಹರು ಮತ್ತು ಆಪ್ತ ಸಹಾಯಕರ ಫೋನ್ ಸಂಖ್ಯೆ ಎರಡನ್ನೂ ಪಡೆದು ಬನ್ನಿ. ಮುಂದಿನ ಸೋಮವಾರ ಫೋನ್ ಮಾಡಬೇಕಾದದ್ದು ಅವರಿಗೇ.